ಗುಡ್ಡದ ಬಲ, ಗರದ ಕಾಟ: ವೆಸ್ನಾತ್ ಎಂಬ ಯುದ್ಧದಾಟ

ಜೂನ್ ಹಿಡಿಯಿತೆಂದರೆ ಕಳಸ, ಹೊರನಾಡು, ಬಾಳೆಹೊಳೆ ಕಡೆಯ ಮಳೆ ಸುಲಭಕ್ಕೆ ಬಿಡುವುದಿಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ; ಟವರಿನ ಬ್ಯಾಟರಿ ಇಳಿದರೆ ಸಿಗ್ನಲ್ಲೂ ಹೋಗುತ್ತದೆ. ಕಂಪ್ಯೂಟರ್ ಆಟ ತಯಾರಿಸುವವರು ಈಚೆಗೆ ಇಂಥ ಊರುಗಳನ್ನು ಲೆಕ್ಕಕ್ಕೇ ಇಟ್ಟಿಲ್ಲ. ಹತ್ತಾರು ಜಿಬಿ ಡೌನ್‌ಲೋಡು, ದುಬಾರಿ ಗ್ರಾಫಿಕ್ಸ್ ಕಾರ್ಡು, ಒಬ್ಬರೇ ಕೂತು ಆಡುವಾಗಲೂ ಕಡಿಯಬಾರದ ಇಂಟರ್ನೆಟ್ಟು ಇವೆಲ್ಲ ಇದ್ದರೆ ಮಾತ್ರ ದೊಡ್ಡ ಕಂಪನಿಗಳ ಆಟ ತೆರೆದುಕೊಳ್ಳುತ್ತದೆ.

ಇದಕ್ಕೆ ಹೊರತಾಗಿ ಉಳಿದುಕೊಂಡಿರುವ ಕೆಲವೇ ಆಟಗಳಲ್ಲಿ ‘ದ ಬ್ಯಾಟಲ್ ಫಾರ್ ವೆಸ್ನಾತ್’ ಒಂದು. ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ಟಿನ ಹಂಗಿಲ್ಲ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ದುಡ್ಡು ಕೊಡಬೇಕಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ, ‘ಇಷ್ಟು ರೂಪಾಯಿಗೆ ಇನ್ನೊಂದು ಕತ್ತಿ ಕೊಳ್ಳಿ’ ಎಂಬ ಪೀಡನೆಯೂ ಇಲ್ಲ. ಇಪ್ಪತ್ತು ವರ್ಷ ದಾಟಿದ ಈ ಆಟವನ್ನು ಹೊಗಳುವವರು ಎಷ್ಟಿದ್ದಾರೋ ಬೈಯುವವರೂ ಅಷ್ಟೇ ಇದ್ದಾರೆ. ವಿಚಿತ್ರವೆಂದರೆ ಎರಡೂ ಪಂಗಡದವರು ಬೆರಳು ತೋರಿಸುವುದು ಹೆಚ್ಚಾಗಿ ಒಂದೇ ಕಡೆಗೆ.

ಡೇವಿಡ್ ವೈಟ್ ಎಂಬ ಪ್ರೋಗ್ರಾಮರ್ 2003ರ ಜೂನ್‌ನಲ್ಲಿ ಇದರ ಮೊದಲ ರೂಪವನ್ನು ಹೊರಬಿಟ್ಟರು. ಜಪಾನಿನ ಎರಡು ಹಳೆಯ ಆಟಗಳು, ‘ಮಾಸ್ಟರ್ ಆಫ್ ಮಾನ್‌ಸ್ಟರ್ಸ್’ ಮತ್ತು ‘ವಾರ್‌ಸಾಂಗ್’, ಅವರಿಗೆ ಪ್ರೇರಣೆ. ನಿಯಮಗಳು ಸರಳವಾಗಿರಬೇಕು, ಆದರೆ ಗೆಲ್ಲುವುದು ಸುಲಭವಾಗಬಾರದು ಎಂಬುದು ಅವರ ಲೆಕ್ಕ. ಆಟದ ಒಳಗಿನ ಕೋಡನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ದೇಶದೇಶಗಳ ಸ್ವಯಂಸೇವಕರು ಬಂದು ಸೇರಿದರು. ಚಿತ್ರ ಬರೆದವರು, ಸಂಗೀತ ಕೊಟ್ಟವರು, ಕತೆ ಹೆಣೆದವರು ಬಹುತೇಕ ಹವ್ಯಾಸಿಗಳೇ. ಮುಕ್ತ ತಂತ್ರಾಂಶದ ಬಗ್ಗೆ ಬರೆದು ಹೆಸರಾದ ಎರಿಕ್ ರೇಮಂಡ್ ಕೂಡ ಈ ಗುಂಪಿನಲ್ಲಿ ದುಡಿದವರು. 2005ರಲ್ಲಿ 1.0 ಆವೃತ್ತಿ ಬಂತು; 2018ರಿಂದ ಆಟ ಸ್ಟೀಮ್ ಅಂಗಡಿಯಲ್ಲೂ ಉಚಿತವಾಗಿ ಸಿಗುತ್ತಿದೆ; 2024ರಲ್ಲಿ 1.18 ಬಂದಿದೆ. ಕಂಪ್ಯೂಟರ್ ಆಟಗಳ ಮಟ್ಟಿಗೆ ಇದು ದೀರ್ಘಾಯುಷ್ಯ.

ಮನೆ, ಕಾಯಿ, ಸರದಿ

ಆಟದ ಹಾಸು ಆರು ಮೂಲೆಯ ಮನೆಗಳಿಂದ ಆದದ್ದು. ಒಂದೊಂದು ಮನೆಯೂ ಒಂದೊಂದು ಬಗೆಯ ನೆಲ: ಬಯಲು, ಕಾಡು, ಗುಡ್ಡ, ಕಡಿದಾದ ಬೆಟ್ಟ, ತೆಳು ನೀರು, ಜೌಗು, ಮರಳು, ಹಳ್ಳಿ, ಕೋಟೆ. ಒಂದು ಮನೆಯಲ್ಲಿ ಒಬ್ಬ ಯೋಧ. ಚದುರಂಗದಲ್ಲಿ ಸರದಿಗೆ ಒಂದೇ ಕಾಯಿ ನಡೆಸಬೇಕು. ಇಲ್ಲಿ ತನ್ನ ಸರದಿ ಬಂದಾಗ ಆಟಗಾರ ಎಲ್ಲ ಯೋಧರನ್ನೂ ನಡೆಸಬಹುದು. ಅವಸರವಿಲ್ಲ. ಎದ್ದು ಹೋಗಿ ಕಾಫಿ ಕುಡಿದು ಬಂದರೂ ಎದುರಾಳಿ ಕಾಯುತ್ತಿರುತ್ತಾನೆ.

ಕತೆಯ ಲೋಕ ಕಲ್ಪನೆಯದು. ಕಾಡಿನಲ್ಲಿ ಬಿಲ್ಲು ಹಿಡಿದ ಎಲ್ಫ್‌ಗಳು, ಬೆಟ್ಟದೊಳಗೆ ಗಣಿ ತೋಡುವ ಕುಳ್ಳರು, ಇರುಳಿನಲ್ಲಿ ದಾಳಿಯಿಡುವ ಓರ್ಕ್‌ಗಳು, ಸತ್ತವರನ್ನು ಎಬ್ಬಿಸುವ ಮಾಟಗಾರರು, ಬೆಂಕಿಯುಗುಳುವ ಡ್ರೇಕ್‌ಗಳು, ಇವರೆಲ್ಲರ ನಡುವೆ ಮನುಷ್ಯರ ವೆಸ್ನಾತ್ ರಾಜ್ಯ. ಮುಖ್ಯ ಕಥಾಸರಣಿ ‘ಏರ್ ಟು ದ ಥ್ರೋನ್’. ರಾಣಿ ಆಶೆವಿಯರ್‌ಳ ಕುತಂತ್ರದಿಂದ ರಾಜ ಕೊಲೆಯಾಗುತ್ತಾನೆ. ಮುದಿ ಮಾಂತ್ರಿಕ ಡೆಲ್ಫಡಾರ್ ಕೊನ್ರಾಡ್ ಎಂಬ ಎಳೆಯನನ್ನು ಎತ್ತಿಕೊಂಡು ಎಲ್ಫ್‌ಗಳ ಕಾಡಿನಲ್ಲಿ ಬೆಳೆಸುತ್ತಾನೆ. ಆ ಹುಡುಗ ಬೆಳೆದು ಸಿಂಹಾಸನದ ಕಡೆಗೆ ಹೊರಡುವುದೇ ಆಟ. ಇಂಥ ಕಥಾಸರಣಿಗಳು ಆಟದೊಳಗೇ ಹದಿನೈದಕ್ಕೂ ಹೆಚ್ಚಿವೆ. ಅಭಿಮಾನಿಗಳು ಕಟ್ಟಿ ಹಂಚುವ ಕತೆಗಳಂತೂ ಲೆಕ್ಕ ಹಿಡಿಯಲಾಗದಷ್ಟು.

ನೆಲ ಬಲ್ಲವನಿಗೆ ಗೆಲುವು

ವೆಸ್ನಾತ್‌ನ ದೊಡ್ಡ ಗುಣ ಅದರ ನೆಲ. ಯೋಧನಿಗೆ ಏಟು ತಾಗುತ್ತದೋ ತಪ್ಪುತ್ತದೋ ಎಂಬುದನ್ನು ಹೊಡೆಯುವವನ ಕೈಚಳಕ ತೀರ್ಮಾನಿಸುವುದಿಲ್ಲ. ಹೊಡೆಸಿಕೊಳ್ಳುವವನು ನಿಂತ ನೆಲ ತೀರ್ಮಾನಿಸುತ್ತದೆ. ಕುಳ್ಳ ಯೋಧ ಬೆಟ್ಟದ ಮೇಲೆ ನಿಂತರೆ ನೂರರಲ್ಲಿ 70 ಏಟು ತಪ್ಪುತ್ತವೆ. ಅವನೇ ಬಯಲಿಗೆ ಇಳಿದರೆ ತಪ್ಪುವುದು 30 ಮಾತ್ರ. ಮೂರು ಏಟು ಹೊಡೆಯುವ ಈಟಿಯವನೊಬ್ಬ ಅವನ ಮೇಲೆ ಬಿದ್ದನೆನ್ನಿ. ಬಯಲಿನಲ್ಲಿ ಮೂರೂ ಏಟು ತಾಗುವ ಸಾಧ್ಯತೆ ನೂರಕ್ಕೆ 34. ಬೆಟ್ಟದ ಮೇಲೆ ಅದು 3ಕ್ಕಿಂತ ಕಡಿಮೆ. ಯೋಧ ಅವನೇ, ಆಯುಧ ಅದೇ. ಬದಲಾದದ್ದು ನಿಂತ ಜಾಗ.

ಎಲ್ಫ್‌ಗಳಿಗೆ ಕಾಡೇ ಕೋಟೆ. ಅಲ್ಲಿ ಅವರು ಬಯಲಿನಲ್ಲಿ ನಡೆದಷ್ಟೇ ಸಲೀಸಾಗಿ ನಡೆಯುತ್ತಾರೆ. ಮನುಷ್ಯ ಕಾಲಾಳು ಮಾತ್ರ ಕಾಡು ಹೊಕ್ಕರೆ ಏದುಸಿರು ಬಿಡುತ್ತಾನೆ, ಸರದಿಗೆ ಐದು ಮನೆ ದಾಟುವವನು ಎರಡೇ ಮನೆಗೆ ನಿಲ್ಲುತ್ತಾನೆ. ಕುದುರೆ ಸವಾರ ಕಡಿದಾದ ಬೆಟ್ಟವನ್ನು ಹತ್ತಲಾರ. ಜೌಗಿನಲ್ಲಿ ಸಿಕ್ಕ ಮನುಷ್ಯ ಯೋಧನಿಗೆ ಹತ್ತರಲ್ಲಿ ಎಂಟು ಏಟು ಬಿದ್ದೇ ಬೀಳುತ್ತವೆ. ಹಾಗಾಗಿ ಶತ್ರುವನ್ನು ಹೊಡೆಯುವುದಕ್ಕಿಂತ ಮೊದಲು ಅವನನ್ನು ಹಳ್ಳಕ್ಕೆ ಇಳಿಸುವುದು ಹೇಗೆ ಎಂದು ಆಟಗಾರ ಯೋಚಿಸತೊಡಗುತ್ತಾನೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗ ಹತ್ತಿದವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಘಟ್ಟದ ಕಡಿದಾದ ಇಳಿಜಾರು, ಇನ್ನೊಂದು ಕಡೆ ಕಾಡು, ಮೇಲೆ ಹೊಯ್ಸಳರ ಕಾಲದ ಕೋಟೆ. ಅಲ್ಲಿಗೆ ದಂಡು ತರುವವನು ಅರ್ಧ ಬಲವನ್ನು ಹತ್ತುವುದರಲ್ಲೇ ಕಳೆದುಕೊಳ್ಳುತ್ತಿದ್ದ.

ನೆಲದ ಜೊತೆಗೆ ಹೊತ್ತು. ಆಟದ ಒಂದು ದಿನಕ್ಕೆ ಆರು ಸರದಿ: ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಇರುಳಿನ ಎರಡು ಜಾವ. ಹಗಲಿನ ಪಕ್ಷದವರಿಗೆ ಹಗಲಲ್ಲಿ ಕಾಲು ಭಾಗ ಬಲ ಹೆಚ್ಚುತ್ತದೆ, ಇರುಳಲ್ಲಿ ಅಷ್ಟೇ ಇಳಿಯುತ್ತದೆ. ಇರುಳಿನ ಪಕ್ಷದವರಿಗೆ ಇದರ ತಿರುವುಮುರುವು. ಓರ್ಕ್ ಕಾಲಾಳಿನ ಒಂದು ಏಟಿಗೆ ಮೂಲ ಬಲ 9. ಇರುಳಲ್ಲಿ ಅದು 11 ಆಗುತ್ತದೆ, ಹಗಲಲ್ಲಿ 7ಕ್ಕೆ ಇಳಿಯುತ್ತದೆ. ಮನುಷ್ಯ ಈಟಿಯವನ ಏಟು 7. ಹಗಲಲ್ಲಿ 9, ಇರುಳಲ್ಲಿ 5. ಇದರಿಂದ ಯುದ್ಧಕ್ಕೆ ಉಬ್ಬರ ಇಳಿತದ ಲಯ ಬರುತ್ತದೆ. ಸಂಜೆಯಾಗುತ್ತಿದ್ದಂತೆ ಮನುಷ್ಯರ ಪಡೆ ಹಿಂದೆ ಸರಿದು ಗುಡ್ಡ ಹಿಡಿಯಬೇಕು, ಬೆಳಕು ಹರಿದ ಮೇಲೆ ಮುಂದೆ ನುಗ್ಗಬೇಕು. ಹಿಂದೆ ಸರಿಯುವುದನ್ನು ಸೋಲೆಂದು ತಿಳಿದವರು ಈ ಆಟದಲ್ಲಿ ಬೇಗ ಸೋಲುತ್ತಾರೆ.

ಇನ್ನೊಂದು ಚಿಕ್ಕ ನಿಯಮ ಇಡೀ ಆಟಕ್ಕೆ ವ್ಯೂಹದ ರುಚಿ ಕೊಟ್ಟಿದೆ. ಒಬ್ಬ ಯೋಧನ ಸುತ್ತಲಿನ ಆರು ಮನೆಗಳ ಮೇಲೆ ಅವನ ಹಿಡಿತವಿರುತ್ತದೆ. ಅಲ್ಲಿಗೆ ಕಾಲಿಟ್ಟ ಶತ್ರು ಆ ಸರದಿಗೆ ಅಲ್ಲೇ ನಿಲ್ಲಬೇಕು. ಹಾಗಾಗಿ ಮೂರೇ ಯೋಧರನ್ನು ಸರಿಯಾದ ಅಂತರದಲ್ಲಿ ನಿಲ್ಲಿಸಿ ಇಡೀ ಕಣಿವೆಯ ದಾರಿ ಮುಚ್ಚಬಹುದು. ಎಲ್ಲಿ ನಿಲ್ಲಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಗಂಟೆಗಟ್ಟಲೆ ತಲೆ ಓಡಿಸುವ ಹಾಗೆ ಮಾಡಿರುವುದರಲ್ಲಿ ಈ ಆಟದ ಹೆಚ್ಚುಗಾರಿಕೆಯಿದೆ.

ಖಜಾನೆಯ ಲೆಕ್ಕವೂ ಹೀಗೇ ಬಿಗಿ. ಹಳ್ಳಿ ಹಿಡಿದರೆ ಹೊನ್ನು ಬರುತ್ತದೆ, ಗಾಯಾಳು ಅಲ್ಲಿ ತಂಗಿದರೆ ಸರದಿಗೆ 8 ಅಂಕ ಚೇತರಿಸಿಕೊಳ್ಳುತ್ತಾನೆ. ಆದರೆ ಇಟ್ಟುಕೊಂಡ ಪ್ರತಿ ಯೋಧನಿಗೂ ಸಂಬಳ ಎಣಿಸಬೇಕು. ಸೈನ್ಯ ಬೆಳೆದಷ್ಟೂ ಹಳ್ಳಿ ಬೇಕು, ಹಳ್ಳಿ ಹಿಡಿಯಲು ಹೋದಷ್ಟೂ ಸಾಲು ತೆಳುವಾಗುತ್ತದೆ.

ಬುದ್ಧಿಯಾಟ, ಗರದಾಟ

ಕನ್ನಡ ನಾಡಿನ ಹಳೆಯ ಆಟಗಳನ್ನು ನೋಡಿದರೆ ಎರಡು ದಾರಿ ಸ್ಪಷ್ಟವಾಗಿ ಕಾಣುತ್ತವೆ. ಒಂದು, ಗರ ಬೀಳುವ ಆಟ: ಪಗಡೆ, ಚೌಕಾಬಾರ. ದಾಳವೋ ಕವಡೆಯೋ ಹೇಳಿದಷ್ಟು ಮನೆ ಕಾಯಿ ನಡೆಯುತ್ತದೆ. ಇನ್ನೊಂದು, ಗರವೇ ಇಲ್ಲದ ಆಟ: ಚದುರಂಗ, ಆಡು-ಹುಲಿ. ಮೂರು ಹುಲಿ, ಹದಿನೈದು ಆಡಿನ ಪಟದಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಹುಲಿ ಆಡಿನ ಮೇಲೆ ಹಾರಿ ಕಡಿಯುತ್ತದೆ, ಆಡುಗಳು ಒತ್ತೊತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕುತ್ತವೆ. ಸೋತವನಿಗೆ ನೆವ ಹೇಳಲು ಏನೂ ಉಳಿಯುವುದಿಲ್ಲ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಪಟಗಳು ಇಂದಿಗೂ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಲೋಕದಲ್ಲೇ ಮುಳುಗಿದವರು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳ ಮೇಲೂ ಒಂದೊಂದೇ ಸಲ ಹಾಯಿಸುವ ಸಮಸ್ಯೆಗಳನ್ನು ಅವರು ಕಟ್ಟಿದರು, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು.

ವೆಸ್ನಾತ್ ಈ ಎರಡೂ ದಾರಿಗಳನ್ನು ಒಂದೇ ಹಾಸಿನ ಮೇಲೆ ತಂದಿದೆ. ಎಲ್ಲಿ ನಿಲ್ಲಬೇಕು ಎಂಬುದು ಆಡು-ಹುಲಿಯ ಬುದ್ಧಿ. ಏಟು ತಾಗುತ್ತದೆಯೇ ಎಂಬುದು ಪಗಡೆಯ ಗರ. ಜಗಳ ಹುಟ್ಟುವುದು ಇಲ್ಲಿಯೇ.

ಹೊಸಬರಿಗೆ ಮೊದಲು ಕಾಣುವುದು ಗರದ ಕಾಟ. ಗಂಟೆಗಟ್ಟಲೆ ಯೋಚಿಸಿ ನಾಲ್ವರು ಯೋಧರಿಂದ ಒಬ್ಬ ಶತ್ರುವನ್ನು ಸುತ್ತುವರಿದಿರುತ್ತಾರೆ. ಹೊಡೆದ ಏಟೆಲ್ಲ ಗಾಳಿಗೆ ಹೋಗುತ್ತದೆ. ಶತ್ರು ತಿರುಗಿ ಬೀಸಿದ ಎರಡು ಏಟಿಗೆ ತಮ್ಮ ಒಳ್ಳೆಯ ಯೋಧ ಉರುಳುತ್ತಾನೆ. ‘ಕಂಪ್ಯೂಟರ್ ಮೋಸ ಮಾಡುತ್ತದೆ’ ಎಂಬ ದೂರು ಆಟ ಹುಟ್ಟಿದಾಗಿನಿಂದ ಇದೆ. ಆದರೆ ಈ ದೂರು ನಿಲ್ಲುವುದಿಲ್ಲ. ಕೋಡು ಬಯಲಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ಕಂಪ್ಯೂಟರಿಗೂ ಆಟಗಾರನಿಗೂ ಬೀಳುವುದು ಒಂದೇ ದಾಳ. ಹೊಡೆಯುವ ಮುನ್ನ ಸಾಧ್ಯತೆಗಳ ಪಟ್ಟಿ ತೋರಿಸುವ ಕಿಟಕಿಯೊಂದಿದೆ: ಈ ಯೋಧ ಸಾಯುವ ಸಾಧ್ಯತೆ ಎಷ್ಟು, ಗಾಯವಿಲ್ಲದೆ ಉಳಿಯುವ ಸಾಧ್ಯತೆ ಎಷ್ಟು ಎಂದು ಅದು ಶೇಕಡಾವಾರು ಹೇಳುತ್ತದೆ. ಆಮೇಲೆ ಅಂಕಿಅಂಶದ ಪುಟ ತೆರೆದರೆ ನಿರೀಕ್ಷಿಸಿದ ಹಾನಿ ಎಷ್ಟು, ನಿಜಕ್ಕೂ ಆದ ಹಾನಿ ಎಷ್ಟು ಎಂಬುದೂ ಸಿಗುತ್ತದೆ. ತಮಗೆ ಸದಾ ಕೆಟ್ಟ ಗರವೇ ಬೀಳುತ್ತದೆ ಎಂದು ನಂಬಿದವರು ಈ ಪುಟವನ್ನೊಮ್ಮೆ ನೋಡಬೇಕು.

ಗರವನ್ನು ಮೆಚ್ಚುವವರ ವಾದಕ್ಕೂ ತೂಕವಿದೆ. ಏಟು ತಾಗುವುದು ಖಚಿತವಾಗಿದ್ದರೆ ಯುದ್ಧ ಕೂಡಿ ಕಳೆಯುವ ಲೆಕ್ಕವಾಗುತ್ತದೆ. ಒಂದು ಸಲ ಬಿಡಿಸಿದರೆ ಮುಗಿಯಿತು. ಗರವಿದ್ದಾಗ ಮಾತ್ರ ‘ಇದು ತಪ್ಪಿದರೆ ಮುಂದೇನು’ ಎಂಬ ಯೋಚನೆ ಬರುತ್ತದೆ. ಒಬ್ಬನನ್ನು ಹಿಂದೆ ಕಾಯ್ದಿರಿಸುವುದು, ಗಾಯಾಳು ಸರಿಯಲು ದಾರಿ ಬಿಡುವುದು, ಗುರಿ ಸುಲಭಕ್ಕೆ ತಪ್ಪದ ಮಾಂತ್ರಿಕನನ್ನು ಕೊನೆಯ ಏಟಿಗೆ ಉಳಿಸಿಕೊಳ್ಳುವುದು ಎಲ್ಲ ಹುಟ್ಟುವುದು ಆ ಅನುಮಾನದಿಂದ. ಮಾಂತ್ರಿಕನ ಏಟು ನೆಲ ಯಾವುದೇ ಇರಲಿ 70ರ ಲೆಕ್ಕದಲ್ಲೇ ತಾಗುತ್ತದೆ. ಬೆಟ್ಟ ಹತ್ತಿ ಕೂತ ಕುಳ್ಳನನ್ನು ಇಳಿಸಲು ಅವನೇ ಬೇಕು. ಅದಕ್ಕೆ ತಕ್ಕಂತೆ ಅವನ ಬೆಲೆ ಹೆಚ್ಚು, ಆಯುಸ್ಸು ಕಡಿಮೆ.

ಬೇರೆ ಆಟಗಳು ಈ ತೊಡಕನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿವೆ. 2018ರ ‘ಇನ್‌ಟು ದ ಬ್ರೀಚ್’ ಎಂಟಕ್ಕೆ ಎಂಟು ಮನೆಯ ಪುಟ್ಟ ಹಾಸಿನಲ್ಲಿ ಶತ್ರು ಮುಂದೆ ಏನು ಮಾಡುತ್ತಾನೆಂದು ಮೊದಲೇ ತೋರಿಸಿ, ಗರವನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯ ಹಲವು ಆಟಗಳು ಎರಡು ಸಂಖ್ಯೆ ತೆಗೆದು ಸರಾಸರಿ ನೋಡುತ್ತವೆ. ಹಾಗಾಗಿ ತೆರೆಯ ಮೇಲೆ 80 ಎಂದು ಕಂಡದ್ದು ನಿಜಕ್ಕೂ 80ಕ್ಕಿಂತ ಹೆಚ್ಚು ಸಲ ತಾಗುತ್ತದೆ, ಆಟಗಾರನ ಮನಸ್ಸಿಗೆ ಹಿತವಾಗುತ್ತದೆ. ವೆಸ್ನಾತ್ ಬಹುಕಾಲ ಇಂಥ ಮುಲಾಜಿಗೆ ಹೋಗಲಿಲ್ಲ. 60 ಎಂದರೆ 60. ಈಚಿನ ಆವೃತ್ತಿಗಳಲ್ಲಿ ಮಾತ್ರ ಗರದ ಏರಿಳಿತ ತಗ್ಗಿಸುವ ಆಯ್ಕೆಯನ್ನು, ಬೇಕಾದವರಿಗಾಗಿ, ಇಟ್ಟಿದ್ದಾರೆ.

ಪಣ ಬೆಳೆಯುತ್ತಾ ಹೋದಾಗ

ಹಾಗಾದರೆ ಆಟದ ನಿಜವಾದ ದೋಷ ಎಲ್ಲಿದೆ? ಗರದಲ್ಲಿ ಅಲ್ಲ, ಗರದ ಫಲವನ್ನು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವ ಕಟ್ಟುನಿಟ್ಟಿನಲ್ಲಿ.

ಕಥಾಸರಣಿಯಲ್ಲಿ ಉಳಿದ ಯೋಧರು ಮುಂದಿನ ಅಧ್ಯಾಯಕ್ಕೆ ಬರುತ್ತಾರೆ. ಸತ್ತವರು ಸತ್ತಂತೆಯೇ. ಕಾದಾಡಿದರೆ ಒಂದೆರಡು ಅನುಭವದ ಅಂಕ, ಒಂದನೇ ಹಂತದ ಶತ್ರುವನ್ನು ಕೊಂದರೆ 8 ಅಂಕ. ಹೊಸ ಎಲ್ಫ್ ಯೋಧ ಸುಮಾರು 40 ಅಂಕ ಕೂಡಿಸಿದರೆ ಮೇಲಿನ ಹಂತಕ್ಕೆ ಏರುತ್ತಾನೆ. ಅಲ್ಲಿ ಪಡೆಗೆ ಹುರುಪು ತುಂಬುವ ನಾಯಕನಾಗಬೇಕೋ ಒಂಟಿ ಸಲಗದಂಥ ವೀರನಾಗಬೇಕೋ ಎಂಬ ಆಯ್ಕೆ ಆಟಗಾರನದು. ಪ್ರತಿ ಯೋಧನಿಗೂ ಹೆಸರಿರುವುದರಿಂದ ಅವನ ಮೇಲೆ ಮಮತೆ ಬೆಳೆಯುತ್ತದೆ. ಒಂದು ಹಂತದವರೆಗೆ ಇದು ಆಟದ ಸೊಗಸೇ.

ಆದರೆ ಗಣಿತ ಬೇರೆ ಮಾತು ಹೇಳುತ್ತದೆ. ಒಬ್ಬ ಅನುಭವಿ ಯೋಧ ಒಂದು ಅಧ್ಯಾಯದಲ್ಲಿ ಬದುಕುಳಿಯುವ ಸಾಧ್ಯತೆ ನೂರಕ್ಕೆ 95 ಎಂದುಕೊಳ್ಳೋಣ. ಚೆನ್ನಾಗಿ ಆಡುವವನ ಲೆಕ್ಕ ಇದು. ‘ಏರ್ ಟು ದ ಥ್ರೋನ್’ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಧ್ಯಾಯಗಳಿವೆ. ಇಪ್ಪತ್ತನ್ನೂ ಅವನು ದಾಟುವ ಸಾಧ್ಯತೆ ನೂರಕ್ಕೆ 36 ಮಾತ್ರ. ಮೂವರಲ್ಲಿ ಒಬ್ಬ ಉಳಿಯುತ್ತಾನೆ. ಕೊನೆಯ ಅಧ್ಯಾಯಗಳಾದರೋ ಅನುಭವಿಗಳ ದಂಡು ಇದೆ ಎಂದೇ ಭಾವಿಸಿ ಕಟ್ಟಿದವು. ಜೊತೆಗೆ ಹಿಂದಿನ ಅಧ್ಯಾಯದಲ್ಲಿ ಉಳಿಸಿದ ಹೊನ್ನಿನ ಒಂದು ಪಾಲು ಮುಂದಕ್ಕೆ ಬರುತ್ತದೆ. ಬೇಗ ಗೆದ್ದವನಿಗೆ ಬಹುಮಾನದ ಹೊನ್ನು ಬೇರೆ. ಗೆದ್ದವನ ಕೈ ತುಂಬುತ್ತದೆ, ಪ್ರಯಾಸದಿಂದ ಗೆದ್ದವನು ಬರಿಗೈಯಲ್ಲಿ ಹೊರಡುತ್ತಾನೆ. ಎಂಟನೆಯ ಅಧ್ಯಾಯದ ಒಂದು ಕೆಟ್ಟ ಸರದಿ ಹದಿನೈದನೆಯ ಅಧ್ಯಾಯದಲ್ಲಿ ಸೋಲಾಗಿ ಎದುರು ನಿಲ್ಲುತ್ತದೆ. ಆ ಹೊತ್ತಿಗೆ ತಿದ್ದಿಕೊಳ್ಳಲು ದಾರಿ ಇರುವುದಿಲ್ಲ.

ಕುಮಾರವ್ಯಾಸ ಭಾರತದ ಸಭಾಪರ್ವವನ್ನು ಗಮಕದಲ್ಲಿ ಕೇಳಿ ಬೆಳೆದವರಿಗೆ ಈ ಅಪಾಯ ಹೊಸದಲ್ಲ. ಶಕುನಿಯ ಕಪಟವನ್ನು ಪಕ್ಕಕ್ಕಿಟ್ಟು ನೋಡಿದರೂ ಧರ್ಮರಾಯನನ್ನು ಮುಳುಗಿಸಿದ್ದು ಒಂದು ಗರವಲ್ಲ. ಸೋತದ್ದರ ಮೇಲೆ ಇನ್ನೊಂದು ಪಣ, ಅದರ ಮೇಲೆ ಮತ್ತೊಂದು. ಸಂಪತ್ತು, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಪ್ರತಿ ಆಟವೂ ಹೊಸದಾಗಿ ಶುರುವಾಗಿದ್ದರೆ ಕತೆ ಬೇರೆಯಾಗುತ್ತಿತ್ತು. ವೆಸ್ನಾತ್‌ನಲ್ಲಿ ಇಬ್ಬರು ಎದುರುಬದುರು ಆಡುವ ಒಂದೇ ಪಂದ್ಯದಲ್ಲಿ ಗರ ಅಷ್ಟು ಕಾಡುವುದಿಲ್ಲ, ಏಕೆಂದರೆ ಪಂದ್ಯ ಮುಗಿದೊಡನೆ ಲೆಕ್ಕ ಚುಕ್ತಾ. ನೂರಾರು ಏಟು ಬೀಳುವ ಪಂದ್ಯದಲ್ಲಿ ಒಳ್ಳೆಯದು ಕೆಟ್ಟದ್ದು ಸುಮಾರಾಗಿ ಸರಿದೂಗುತ್ತವೆ. ಅದೇ ಗರ ಕಥಾಸರಣಿಯಲ್ಲಿ ಮಾತ್ರ ಬಡ್ಡಿ ಕಟ್ಟಿಕೊಂಡು ಬೆಳೆಯುತ್ತದೆ.

ಇದಕ್ಕೆ ಆಟಗಾರರು ಕಂಡುಕೊಂಡ ಕಳ್ಳದಾರಿ ಎಲ್ಲರಿಗೂ ಗೊತ್ತು. ಆಟ ಪ್ರತಿ ಸರದಿಯನ್ನೂ ತಾನಾಗಿ ಉಳಿಸಿಡುತ್ತದೆ. ಒಳ್ಳೆಯ ಯೋಧ ಸತ್ತರೆ ಹಿಂದಿನ ಸರದಿಗೆ ಹೋಗಿ ಮತ್ತೆ ಆಡಿದರಾಯಿತು. ಆದರೆ ಬೇಕಾದ ಗರ ಬೀಳುವವರೆಗೆ ದಾಳ ಉರುಳಿಸುತ್ತಾ ಹೋದರೆ ನೆಲ, ಹೊತ್ತು, ಕಾಯ್ದಿರಿಸಿದ ಪಡೆ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ. ಆಟದ ಒಳ್ಳೆಯ ಗುಣಗಳನ್ನು ಅದರ ಕಟ್ಟಡವೇ ಹೀಗೆ ತಿಂದುಹಾಕುತ್ತದೆ.

ಎದುರಾಳಿಯ ಪೆದ್ದುತನ, ಕತೆಯ ಹಳಸಲು

ಕಂಪ್ಯೂಟರ್ ಎದುರಾಳಿಯದು ಇನ್ನೊಂದು ಸಮಸ್ಯೆ. ಅದು ಧೈರ್ಯವಂತ, ಜಾಣನಲ್ಲ. ಕೈಯಲ್ಲಿರುವ ಹೊನ್ನೆಲ್ಲ ಖರ್ಚು ಮಾಡಿ ಸೈನ್ಯ ಕಟ್ಟುತ್ತದೆ, ಕಂಡ ಯೋಧನ ಮೇಲೆ ಬೀಳುತ್ತದೆ. ಇರುಳು ಕಳೆದು ತನ್ನವರ ಬಲ ಇಳಿದಾಗ ಹಿಂದೆ ಸರಿದು ಕಾಯುವ ತಾಳ್ಮೆ ಅದಕ್ಕೆ ಕಡಿಮೆ. ಒಮ್ಮೊಮ್ಮೆ ಶತ್ರು ನಾಯಕನೇ ಕೋಟೆ ಬಿಟ್ಟು ಪಕ್ಕದಲ್ಲಿ ಸಿಕ್ಕ ಯೋಧನನ್ನು ಹೊಡೆಯಲು ಹೊರಬರುತ್ತಾನೆ. ಇದನ್ನು ಬಲ್ಲವರು ಒಬ್ಬ ಕಾಲಾಳನ್ನು ಎರೆಯಾಗಿ ನಿಲ್ಲಿಸಿ ಯುದ್ಧ ಮುಗಿಸುತ್ತಾರೆ. ಹಾಗಾಗಿ ಅನೇಕ ಅಧ್ಯಾಯಗಳಿಗೆ ಒಂದೇ ಮದ್ದು ಸಾಕಾಗುತ್ತದೆ: ಒಳ್ಳೆಯ ನೆಲ ಹಿಡಿ, ಶತ್ರು ಬಂದು ತಲೆ ಚಚ್ಚಿಕೊಳ್ಳಲಿ, ಬೆಳಿಗ್ಗೆ ಎದ್ದು ನುಗ್ಗು. ಎದುರಾಳಿಯ ಪೆದ್ದುತನವನ್ನು ಸರಿದೂಗಿಸಲು ಅಧ್ಯಾಯ ಕಟ್ಟಿದವರು ಅದಕ್ಕೆ ಎರಡು ಮೂರು ಪಟ್ಟು ಹೊನ್ನು ಕೊಟ್ಟಿರುತ್ತಾರೆ. ಆಗ ಹೊಡೆತ ಕಠಿಣವಾಗುತ್ತದೆ, ಚಿಂತನೆ ಹಾಗೆಯೇ ಉಳಿಯುತ್ತದೆ. ಮನುಷ್ಯ ಎದುರಾಳಿ ಸಿಕ್ಕಾಗಲೇ ಈ ಹಾಸಿನ ಪೂರ್ತಿ ಸತ್ವ ಹೊರಬರುವುದು.

ಕತೆಗಳ ಗುಣಮಟ್ಟ ಒಂದೇ ಸಮನಿಲ್ಲ. ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದದ್ದು ಎದ್ದು ಕಾಣುತ್ತದೆ. ಟೋಲ್ಕಿನ್ ಹಾಕಿಕೊಟ್ಟ ದಾರಿಯಲ್ಲೇ ನಡೆದ ಎಲ್ಫ್, ಕುಳ್ಳ, ಓರ್ಕ್‌ಗಳ ಲೋಕದಲ್ಲಿ ಓರ್ಕ್ ಎಂದರೆ ಕೊಲ್ಲಲು ಸಿಗುವ ಕೆಟ್ಟವನು, ಅಷ್ಟೇ. ಯಕ್ಷಗಾನದಲ್ಲಿ ರಾಕ್ಷಸ ವೇಷಕ್ಕೂ ತನ್ನ ಒಡ್ಡೋಲಗ, ತನ್ನ ವಾದ, ತನ್ನ ಘನತೆ ಇರುವುದನ್ನು ಕಂಡವರಿಗೆ ಇದು ಸಪ್ಪೆ ಎನ್ನಿಸದೆ ಇರದು. ಈ ಕೊರತೆ ಬರೆಯುವವರ ಅರಿವಿಗೂ ಬಂದಿರಬೇಕು: ‘ಸನ್ ಆಫ್ ದ ಬ್ಲ್ಯಾಕ್ ಐ’ ಓರ್ಕ್ ನಾಯಕನೊಬ್ಬನ ಕಣ್ಣಿನಿಂದ ನಡೆಯುತ್ತದೆ, ‘ಡಿಸೆಂಟ್ ಇನ್‌ಟು ಡಾರ್ಕ್‌ನೆಸ್’ ಊರು ಉಳಿಸಲು ಹೋಗಿ ಮಾಟಕ್ಕೆ ಬಿದ್ದ ಯುವಕನ ಕತೆ, ‘ಅಂಡರ್ ದ ಬರ್ನಿಂಗ್ ಸನ್ಸ್’ ಎರಡು ಸೂರ್ಯರ ಕೆಳಗೆ ಮರುಭೂಮಿಯಲ್ಲಿ ಅಲೆಯುವ ಎಲ್ಫ್‌ಗಳದು. ಮುಖ್ಯ ಸರಣಿಗಿಂತ ಈ ಮೂರರಲ್ಲಿ ಜೀವ ಹೆಚ್ಚು.

ನೆಲದಡಿಯ ಗುಹೆಗಳ ಅಧ್ಯಾಯಗಳು ಬಹಳ ಆಟಗಾರರ ತಾಳ್ಮೆ ಕೆಡಿಸಿವೆ. ಇಕ್ಕಟ್ಟಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುವಾಗ ವ್ಯೂಹಕ್ಕೆ ಅವಕಾಶವಿಲ್ಲ, ಮುಂದೇನಿದೆ ಕಾಣುವುದಿಲ್ಲ. ಬಯಲಲ್ಲಿ ಇಷ್ಟು ಚೆಂದ ಕಂಡ ನೆಲದ ನಿಯಮಗಳೆಲ್ಲ ಅಲ್ಲಿ ಸುಮ್ಮನೆ ಕೂರುತ್ತವೆ. ಎಷ್ಟು ಸರದಿಯೊಳಗೆ ಮುಗಿಸಬೇಕು ಎಂಬ ಗಡುವು ಬೇರೆ ತಲೆಯ ಮೇಲಿರುತ್ತದೆ.

ತೆರೆದಿಟ್ಟ ಬಾಗಿಲು

ಇಷ್ಟೆಲ್ಲ ಕೊರತೆಯಿದ್ದೂ ಆಟ ಉಳಿದಿರುವುದಕ್ಕೆ ಕಾರಣ ಅದರ ಮುಕ್ತತೆ. ಆಟದೊಳಗೇ ಭೂಪಟ ಬರೆಯುವ ಸಲಕರಣೆ ಇದೆ. ಪ್ರೋಗ್ರಾಮಿಂಗ್ ಬರದವರೂ ಮೇರ್ತಿ ಗುಡ್ಡದ ಓರೆ, ಭದ್ರಾ ನದಿಯ ತಿರುವು, ನಡುವೆ ನಾಲ್ಕು ಹಳ್ಳಿ ಇಟ್ಟು ತಮ್ಮದೇ ಹಾಸು ಮಾಡಿಕೊಳ್ಳಬಹುದು. ಯೋಧರ ಬಲ, ಬೆಲೆ, ಕತೆಯ ಮಾತು ಎಲ್ಲವೂ ಸರಳ ಪಠ್ಯದ ಕಡತಗಳಲ್ಲಿವೆ. ನೋಟ್‌ಪ್ಯಾಡಿನಲ್ಲಿ ತೆರೆದು ತಿದ್ದಬಹುದು. ಇಲ್ಲಿ ಚಿಕ್ಕಪುಟ್ಟ ತಿದ್ದುಪಡಿ ಮಾಡುತ್ತಲೇ ಪ್ರೋಗ್ರಾಮಿಂಗ್ ಕಡೆಗೆ ಹೊರಳುವ ವಿದ್ಯಾರ್ಥಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು.

ಅನುವಾದಕ್ಕೂ ಬಾಗಿಲು ತೆರೆದಿದೆ. ಲ್ಯಾಟಿನ್, ಎಸ್ಪರಾಂಟೊದಂಥ ಭಾಷೆಗಳಿಗೂ ಸ್ವಯಂಸೇವಕರು ಈ ಆಟವನ್ನು ತಂದಿದ್ದಾರೆ. ಕನ್ನಡಿಗರು ಮಾತ್ರ ಇಂಗ್ಲಿಷಿನಲ್ಲೇ ಆಡಬೇಕಾಗಿದೆ. ಸಂಭಾಷಣೆಗಳಲ್ಲಿ ಹಳೆಯ ಗತ್ತಿನ ಇಂಗ್ಲಿಷ್ ಇರುವುದರಿಂದ ಹೈಸ್ಕೂಲು ಮಕ್ಕಳಿಗೆ ಅದು ತೊಡಕು. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೆಂದು ಕೊನೆಯ ವರ್ಷಗಳಲ್ಲಿ ಹಟ ಹಿಡಿದು ದುಡಿದಿದ್ದರು. ಅವರು ತೀರಿಕೊಂಡದ್ದು 2007ರಲ್ಲಿ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಮುಂತಾದ ಮುಕ್ತ ತಂತ್ರಾಂಶಗಳು ಸ್ವಯಂಸೇವಕರ ಶ್ರಮದಿಂದ ಕನ್ನಡಕ್ಕೆ ಬಂದವು. ವೆಸ್ನಾತ್ ಮಾತ್ರ ಆ ಸಾಲಿಗೆ ಇನ್ನೂ ಬಂದಿಲ್ಲ. 1997ರಲ್ಲಿ ಧ್ರುವ ಇಂಟರ‍್ಯಾಕ್ಟಿವ್ ಎಂಬ ಸಂಸ್ಥೆ ಶುರುವಾದಾಗಿನಿಂದ ಬೆಂಗಳೂರು ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಡುತ್ತಿದೆ. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ತಂದದ್ದು ಕರ್ನಾಟಕ ಸರ್ಕಾರ. ಇಷ್ಟು ಕೈಗಳಿರುವ ಊರಿನಲ್ಲಿ ವೆಸ್ನಾತ್‌ನ ಒಂದು ಚಿಕ್ಕ ಕಥಾಸರಣಿಯನ್ನು ಕನ್ನಡಕ್ಕೆ ತರುವುದು ದೊಡ್ಡ ಕೆಲಸವಾಗಲಾರದು.

ಹೊಸದಾಗಿ ಆಡುವವರು ಎಲ್ಲಿಂದ ಶುರು ಮಾಡಬೇಕು? ಆಟದೊಳಗಿನ ಪಾಠ ಮುಗಿಸಿ ‘ಎ ಟೇಲ್ ಆಫ್ ಟೂ ಬ್ರದರ್ಸ್’ ಹಿಡಿಯುವುದು ಒಳ್ಳೆಯದು. ಕೆಲವೇ ಅಧ್ಯಾಯಗಳ ಕತೆಯಾದ್ದರಿಂದ ಕೆಟ್ಟ ಗರದ ಫಲ ಬಹುದೂರ ಬೆನ್ನಟ್ಟುವುದಿಲ್ಲ. ಆಮೇಲೆ ‘ದ ಸೌತ್ ಗಾರ್ಡ್’: ಡಿಯೋರನ್ ಎಂಬ ಎಳೆಯ ಸವಾರ ಗಡಿಯೂರುಗಳನ್ನು ಕಾಯಲು ಬಂದು ನೆಲ, ಹೊತ್ತು, ಮಾಂತ್ರಿಕರ ಬಳಕೆಯನ್ನು ಆಟಗಾರನ ಜೊತೆಜೊತೆಗೇ ಕಲಿಯುತ್ತಾನೆ. ಮನೆಯಲ್ಲಿ ಇಬ್ಬರಿದ್ದರೆ ಒಂದೇ ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಆಡುವ ವ್ಯವಸ್ಥೆಯೂ ಇದೆ, ಅದಕ್ಕೂ ಇಂಟರ್ನೆಟ್ ಬೇಡ. ‘ಏರ್ ಟು ದ ಥ್ರೋನ್’ಗೆ ಕೈ ಹಾಕುವ ಮುನ್ನ ಮೂರು ನಾಲ್ಕು ಅನುಭವಿ ಯೋಧರನ್ನು ಬೇಕೆಂದೇ ಹಿಂದೆ ಉಳಿಸಿ, ಹೊಸಬರನ್ನು ಮುಂದೆ ನಿಲ್ಲಿಸುವ ಅಭ್ಯಾಸ ಮಾಡಿಕೊಂಡಿದ್ದರೆ ಹದಿನೈದನೆಯ ಅಧ್ಯಾಯದಲ್ಲಿ ಕೈ ಬರಿದಾಗುವ ಭಯ ಕಡಿಮೆ.